ಗರಡಿ ಭೇಟಿಯ ಶಿಷ್ಟಾಚಾರ

ಗರಡಿ ಭೇಟಿಯ ಶಿಷ್ಟಾಚಾರ ಎಂಬುದು ಒಂದು ಗರಡಿಯ ಕುಸ್ತಿಪಟು ಇನ್ನೊಂದು ಗರಡಿಗೆ ಅತಿಥಿಯಾಗಿ ಅಥವಾ ಅಭ್ಯಾಸಕ್ಕಾಗಿ ಹೋದಾಗ ಪಾಲಿಸುವ ನಡವಳಿಕೆಯನ್ನೂ, ಅಲ್ಲಿಗೆ ಒಯ್ಯುವ ಕಾಣಿಕೆಯ ರೂಢಿಗಳನ್ನೂ ಸೂಚಿಸುತ್ತದೆ. ಕರ್ನಾಟಕದಲ್ಲಿ ಈ ರೂಢಿಗಳು ಬಹುಮಟ್ಟಿಗೆ ಬಾಯಿಮಾತಿನಲ್ಲಿಯೇ ಉಳಿದು ಬಂದಿವೆ. ಗರಡಿಯಿಂದ ಗರಡಿಗೆ, ಊರಿನಿಂದ ಊರಿಗೆ ವಿವರಗಳು ಬದಲಾಗುತ್ತವೆ. ಆದರೆ ಎಲ್ಲದರ ಹಿಂದೆ ಒಂದೇ ಆತಂಕವಿದೆ: ಬಲಪರೀಕ್ಷೆಗೆಂದೇ ಕಟ್ಟಿದ ಮನೆಯೊಳಗೆ ಪರಸ್ಥಳದ ಪೈಲ್ವಾನನೊಬ್ಬ ಕಾಲಿಟ್ಟಾಗ ಅವನು ಕಲಿಯಲು ಬಂದವನೋ, ಸವಾಲು ಹಾಕಲು ಬಂದವನೋ ಎಂಬುದು ಮೊದಲು ಸ್ಪಷ್ಟವಾಗಬೇಕು. ಜಪಾನಿನ ಕೆಂಡೊ ಶಾಲೆಗಳಲ್ಲಿಯೂ ಇದೇ ಪ್ರಶ್ನೆಗೆ ಉತ್ತರವಾಗಿ ಬೆಳೆದ ವಿಸ್ತಾರವಾದ ಭೇಟಿಯ ಸಂಪ್ರದಾಯವಿದೆ.

ತುಳುನಾಡಿನಲ್ಲಿ ‘ಗರಡಿ’ ಎಂಬ ಹೆಸರು ಕೋಟಿ ಚೆನ್ನಯರ ಆರಾಧನಾಸ್ಥಳಗಳಿಗೆ ಸಲ್ಲುತ್ತದೆ. ಈ ಲೇಖನ ಕುಸ್ತಿಯ ಗರಡಿಗಳಿಗೆ ಮಾತ್ರ ಸಂಬಂಧಿಸಿದ್ದು.

ಗರಡಿಯ ಸ್ವರೂಪ

ಹಳೆಯ ಮೈಸೂರು ಭಾಗದಲ್ಲಿ ಗರಡಿ, ಗರಡಿಮನೆ ಎಂದೂ, ಉತ್ತರ ಕರ್ನಾಟಕದಲ್ಲಿ ತಾಲೀಮು ಎಂದೂ ಕರೆಯಲಾಗುವ ಈ ವ್ಯಾಯಾಮಶಾಲೆ ಸಾಮಾನ್ಯವಾಗಿ ದಪ್ಪ ಗೋಡೆ, ಸಣ್ಣ ಕಿಟಕಿ ಮತ್ತು ತಗ್ಗಾದ ಬಾಗಿಲುಳ್ಳ ಕಟ್ಟಡ. ತಲೆ ಬಾಗಿಸದೆ ಒಳಗೆ ಹೋಗುವಂತಿಲ್ಲ. ಬಾಗಿಲನ್ನು ತಗ್ಗಾಗಿ ಇಟ್ಟದ್ದೇ ಅದಕ್ಕಾಗಿ ಎಂದು ಹಿರಿಯ ಪೈಲ್ವಾನರು ಹೇಳುವುದುಂಟು. ಒಳಗಾಳಿ ಹೆಚ್ಚು ಆಡದೆ ಮೈ ಬೆಚ್ಚಗಿರಲಿ ಎಂಬ ಕಾರಣವೂ ಇರಬಹುದು. ನಡುವೆ ಜರಡಿ ಹಿಡಿದ ಕೆಮ್ಮಣ್ಣಿನ ಕಣ, ಗೋಡೆಯ ಬದಿಗೆ ಗದೆ, ಲೋಡು, ಗುಂಡುಕಲ್ಲು ಮೊದಲಾದ ಸಾಧನೆಯ ಸಾಮಗ್ರಿ, ಒಂದು ಮೂಲೆಯಲ್ಲಿ ಅಥವಾ ಗೂಡಿನಲ್ಲಿ ಆಂಜನೇಯನ ಮೂರ್ತಿ ಇಲ್ಲವೇ ಪಟ. ಮೈಸೂರಿನ ಜಟ್ಟಿ ಸಮುದಾಯದವರಲ್ಲಿ ನಿಂಬುಜಾದೇವಿಯ ಆರಾಧನೆಯಿದೆ. ಕಣದ ಮಣ್ಣಿಗೆ ಎಣ್ಣೆ, ಅರಿಶಿನ, ಮಜ್ಜಿಗೆ, ನಿಂಬೆರಸ ಮೊದಲಾದುವನ್ನು ಬೆರೆಸಿ ಹದಮಾಡುವ ಪದ್ಧತಿಯಿದೆ. ಈ ಮಣ್ಣು ನೆಲವಲ್ಲ, ಪೂಜಾವಸ್ತು. ಭೇಟಿಯ ನಿಯಮಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈ ಒಂದು ಭಾವನೆಯಿಂದಲೇ ಹುಟ್ಟಿವೆ.

ಗರಡಿಯ ಮುಖ್ಯಸ್ಥನನ್ನು ಉಸ್ತಾದ್ ಅಥವಾ ವಸ್ತಾದ್ ಎನ್ನುತ್ತಾರೆ. ಪಾರಸಿ ಮೂಲದ ಈ ಪದವನ್ನು ಎಲ್ಲ ಮತದವರೂ ಗೌರವವಾಚಕವಾಗಿ ಬಳಸುತ್ತಾರೆ. ಕುಸ್ತಿ ಪಂದ್ಯದ ಕರಪತ್ರಗಳಲ್ಲಿ ಹೆಸರಿನ ಹಿಂದೆ ‘ಪೈ.’ ಎಂದೂ, ಮುಂದೆ ಗರಡಿಯ ಅಥವಾ ಉಸ್ತಾದರ ಹೆಸರನ್ನೂ ಅಚ್ಚುಮಾಡುವುದು ವಾಡಿಕೆ. ಭೂತಪ್ಪನವರ ಗರಡಿ, ಹತ್ತೂಜನರ ಗರಡಿ ಮುಂತಾದ ಮೈಸೂರಿನ ಹೆಸರುಗಳು ಹೊರಗಿನವರಿಗೂ ಪರಿಚಿತವಾದದ್ದು ಹೀಗೆ. ಪೈಲ್ವಾನ ಗೆದ್ದರೂ ಸೋತರೂ, ಸಭ್ಯವಾಗಿ ನಡೆದರೂ ಒರಟಾಗಿ ನಡೆದರೂ ಅದು ಆ ಹೆಸರಿಗೆ ಸೇರುತ್ತದೆ. ಬೇರೆ ಗರಡಿಗೆ ಹೋಗುವವನು ಒಬ್ಬನೇ ಹೋದರೂ ತನ್ನ ಉಸ್ತಾದನನ್ನು ಜೊತೆಗೆ ಕರೆದುಕೊಂಡು ಹೋದಂತೆಯೇ ಲೆಕ್ಕ.

ಸವಾಲು ಮತ್ತು ಸಮಜೋಡಿ

ಮೈಸೂರಿನ ಅರಸು ರಣಧೀರ ಕಂಠೀರವ ನರಸರಾಜ ಒಡೆಯರ (ಆಳ್ವಿಕೆ 1638–1659) ಬಗ್ಗೆ ಪ್ರಸಿದ್ಧವಾದ ಐತಿಹ್ಯವೊಂದು ಈ ವಿಷಯದ ಇನ್ನೊಂದು ಮುಖವನ್ನು ತೋರಿಸುತ್ತದೆ. ತಿರುಚಿರಾಪಳ್ಳಿಯ ಜಟ್ಟಿಯೊಬ್ಬ ತನ್ನ ಚಲ್ಲಣವನ್ನು ಊರಬಾಗಿಲಿಗೆ ಕಟ್ಟಿಸಿದ್ದನು. ಅದರ ಕೆಳಗೆ ನುಸುಳಿ ಹೋದವರೆಲ್ಲ ಅವನಿಗೆ ಸೋತೆವೆಂದು ಒಪ್ಪಿಕೊಂಡಂತೆ, ಒಪ್ಪದವರು ಅವನೊಡನೆ ಸೆಣಸಬೇಕು. ಕಂಠೀರವನು ಪಟ್ಟವೇರುವ ಮೊದಲು ವೇಷ ಮರೆಸಿಕೊಂಡು ಅಲ್ಲಿಗೆ ಹೋಗಿ ಆ ಜಟ್ಟಿಯನ್ನು ಕೊಂದು, ಸನ್ಮಾನಕ್ಕೂ ನಿಲ್ಲದೆ ಹಿಂತಿರುಗಿದನೆಂದು ಕಥೆ. 1960ರಲ್ಲಿ ತೆರೆಕಂಡ ‘ರಣಧೀರ ಕಂಠೀರವ’ ಚಲನಚಿತ್ರದಿಂದಾಗಿ ಕನ್ನಡಿಗರಿಗೆ ಈ ಅರಸನ ಹೆಸರು ಇನ್ನಷ್ಟು ಹತ್ತಿರವಾಯಿತು. ಕಥೆಯ ಐತಿಹಾಸಿಕತೆ ಏನೇ ಇರಲಿ, ಹೆಸರು ಹೇಳದೆ, ಯಾರ ಶಿಷ್ಯನೆಂದು ತಿಳಿಸದೆ ಪರಸ್ಥಳದ ಕಣಕ್ಕೆ ಇಳಿಯುವುದು ಭೇಟಿಯಲ್ಲ, ಕಾಳಗ ಎಂಬ ತಿಳಿವಳಿಕೆ ಅದರಲ್ಲಿ ಸ್ಪಷ್ಟವಾಗಿದೆ. ಶಿಷ್ಟಾಚಾರದ ಪ್ರತಿಯೊಂದು ಅಂಶವೂ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಸಾಗುತ್ತದೆ: ಮೊದಲು ಹೆಸರು, ಆಮೇಲೆ ಗುರು, ಆಮೇಲೆ ಅಪ್ಪಣೆ, ಕೊನೆಗೆ ಮಣ್ಣು.

ಯಾರು ಯಾರೊಡನೆ ಸೆಣಸಬೇಕೆಂಬುದನ್ನು ಸೆಣಸುವವರೇ ನಿರ್ಧರಿಸಬಾರದು ಎಂಬ ವಿವೇಕವೂ ಹಳೆಯದು. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದ (12ನೆಯ ಶತಮಾನ) ಮಲ್ಲವಿನೋದ ಪ್ರಕರಣವು ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ಮೂರು ವರ್ಗಗಳಾಗಿ ಗುರುತಿಸುತ್ತದೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಮಹಾನವಮಿಯ ಮಲ್ಲಯುದ್ಧವನ್ನು ವರ್ಣಿಸುತ್ತ, ಹಲ್ಲು ಮುರಿಯುವಷ್ಟು, ಮುಖ ವಿಕಾರವಾಗುವಷ್ಟು ಹೊಡೆತಗಳು ಬೀಳುತ್ತಿದ್ದುವೆಂದು ಬರೆದಿದ್ದಾನೆ. ಮಲ್ಲರಿಗೆ ಅವರದೇ ನಾಯಕರೂ ತೀರ್ಪುಗಾರರೂ ಇದ್ದು, ಸಮಾನರನ್ನು ಎದುರುಬದುರು ನಿಲ್ಲಿಸುವುದೂ ಗೆದ್ದವರ ಮರ್ಯಾದೆಯನ್ನು ನಿಶ್ಚಯಿಸುವುದೂ ಅವರ ಹೊಣೆಯಾಗಿತ್ತೆಂದೂ ಅವನು ಹೇಳುತ್ತಾನೆ. ಮೈಸೂರು ದಸರಾ ಕುಸ್ತಿಗೆ ಮುನ್ನ ಇಂದಿಗೂ ನಡೆಯುವ ‘ಜೋಡಿ ಕಟ್ಟುವ’ ಕಾರ್ಯಕ್ರಮ ಇದೇ ಸಂಪ್ರದಾಯದ ಮುಂದುವರಿಕೆಯಂತೆ ಕಾಣುತ್ತದೆ. ವಿಜಯದಶಮಿಯ ದಿನ ಅರಮನೆಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗದಲ್ಲಿಯೂ ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರದ ಜಟ್ಟಿಗಳ ಜೋಡಿಗಳು ಮೊದಲೇ ಗೊತ್ತಾಗಿರುತ್ತವೆ. ರಕ್ತ ಕಂಡೊಡನೆ ಕಾಳಗ ನಿಲ್ಲುತ್ತದೆ.

ಭೇಟಿಗೆ ಮುನ್ನ

ಮೊದಲ ಅಪ್ಪಣೆ ಸ್ವಂತ ಉಸ್ತಾದನದು. ಅವನಿಗೆ ತಿಳಿಸದೆ ಬೇರೆ ಗರಡಿಯಲ್ಲಿ ಅಭ್ಯಾಸ ಮಾಡುವುದನ್ನು ಗರಡಿಗಳು ಹಗುರವಾಗಿ ಕಾಣುವುದಿಲ್ಲ. ಭೇಟಿಗೂ ಗರಡಿ ಬಿಟ್ಟುಹೋಗುವುದಕ್ಕೂ ನಡುವಿನ ಗೆರೆ ತೆಳುವಾದದ್ದು. ಶಿಷ್ಯನೊಬ್ಬ ಒಂದೆರಡು ವಾರ ಇನ್ನೊಂದು ಕಡೆ ಕಾಣಿಸಿಕೊಂಡರೆ ಊರಿನ ಮಾತು ತಾನಾಗಿ ಹುಟ್ಟಿಕೊಳ್ಳುತ್ತದೆ. ಆದ್ದರಿಂದ ವಿವೇಕಿಯಾದ ಆತಿಥೇಯ ಉಸ್ತಾದನು ಬಂದವನನ್ನು ಮೊದಲು ಕೇಳುವ ಪ್ರಶ್ನೆ, “ನಿಮ್ಮ ವಸ್ತಾದರಿಗೆ ಹೇಳಿ ಬಂದಿದ್ದೀಯೇನಪ್ಪ?” ಎಂಬುದು. ಹೌದೆಂಬ ಉತ್ತರವಿಲ್ಲದಿದ್ದರೆ ನೋಡಲು ಅವಕಾಶ ಸಿಕ್ಕೀತು, ಕಣ ಸಿಗುವುದು ಕಷ್ಟ. ಉಸ್ತಾದರ ನಡುವೆ ಸ್ನೇಹವಿದ್ದರೆ ಒಂದು ದೂರವಾಣಿ ಕರೆ ಸಾಕು. ಪರಿಚಯವಿಲ್ಲದಿದ್ದರೆ ಎರಡೂ ಕಡೆಗೆ ಬೇಕಾದ ಹಿರಿಯರೊಬ್ಬರ ಜೊತೆ ಹೋಗುವುದು ಒಳ್ಳೆಯದು.

ಬೆಳಗಾವಿ ಮೊದಲಾದ ಗಡಿಜಿಲ್ಲೆಗಳ ಕುಸ್ತಿಪಟುಗಳು ಕೊಲ್ಹಾಪುರದ ತಾಲೀಮುಗಳಿಗೆ ಅಭ್ಯಾಸಕ್ಕೆ ಹೋಗುವುದು ಹಿಂದಿನಿಂದ ಬಂದದ್ದು. ಶಾಹು ಮಹಾರಾಜರ ಕಾಲದಲ್ಲಿ, 1912ರಲ್ಲಿ, ಅಲ್ಲಿ ಕಟ್ಟಲಾದ ಖಾಸಬಾಗ್ ಕುಸ್ತಿ ಮೈದಾನ ಇಂದಿಗೂ ಹೆಸರಾಗಿದೆ. ಇಂಥ ದೂರದ ವಾಸದಲ್ಲಿ ಅತಿಥಿ ಎಂಬ ಸ್ಥಾನ ಹೆಚ್ಚು ದಿನ ನಡೆಯದು. ಉಳಿಯುವವನು ಅಲ್ಲಿನ ಶಿಷ್ಯರಂತೆಯೇ ಕಣ ಅಗೆಯುವ, ನೀರು ಸೇದುವ, ಅಡುಗೆಗೆ ಕೈಹಚ್ಚುವ ಕೆಲಸಗಳಲ್ಲಿ ಸೇರಿಕೊಳ್ಳಬೇಕಾಗುತ್ತದೆ.

ಸದ್ಯದಲ್ಲಿಯೇ ಜಾತ್ರೆಯ ಅಥವಾ ದಸರೆಯ ಕಣದಲ್ಲಿ ಎದುರಾಗಲಿರುವ ಪೈಲ್ವಾನನ ಗರಡಿಗೆ ಆ ಅವಧಿಯಲ್ಲಿ ಹೋಗದಿರುವುದೇ ಸರಿ. ಹೋದವನು ಪಟ್ಟುಗಳನ್ನು ಕದಿಯಲು ಬಂದನೆಂಬ ಅನುಮಾನಕ್ಕೆ ಗುರಿಯಾಗುತ್ತಾನೆ. ಹೋಗದೆ ಉಳಿದರೆ ಕಳೆದುಕೊಳ್ಳುವುದೇನೂ ಇಲ್ಲ.

ಒಳಗೆ ಬಂದ ಮೇಲೆ

ಪಾದರಕ್ಷೆ ಹೊರಗೆ. ಕೈಕಾಲು ತೊಳೆದು, ತಲೆಬಾಗಿ ಒಳಗೆ ಬಂದು ದೇವರಿಗೂ ಉಸ್ತಾದನಿಗೂ ನಮಸ್ಕರಿಸುವುದು ಕ್ರಮ. ಕಿರಿಯರು ಉಸ್ತಾದನ ಕಾಲು ಮುಟ್ಟುತ್ತಾರೆ. ಮೂರ್ತಿಪೂಜೆ ಮಾಡದ ಮತದವರು ಕಣದ ಮಣ್ಣನ್ನು ಮುಟ್ಟಿ ಗೌರವ ಸೂಚಿಸುತ್ತಾರೆ. ಮಣ್ಣಿಗೆ ಸಲ್ಲುವ ಗೌರವ ಎಲ್ಲರಿಗೂ ಸಮಾನ. ನೋಡಲು ಬಂದವನು ತೋರಿಸಿದ ಜಾಗದಲ್ಲಿ ಕುಳಿತುಕೊಳ್ಳಬೇಕು. ಕಣದ ಅಂಚಿನ ಮೇಲೆ ಕಾಲಿಟ್ಟು ನಿಲ್ಲುವುದು, ಕಣವನ್ನು ಅಡ್ಡಹಾಯುವುದು, ಗದೆಯನ್ನೋ ಲೋಡನ್ನೋ ದಾಟುವುದು ಸಲ್ಲದು. ಗೋಡೆಗೆ ಒರಗಿಸಿಟ್ಟ ಗದೆಯನ್ನು ಕೇಳದೆ ಎತ್ತಿ ತೂಕ ನೋಡುವುದು ಹೊಸಬರು ಸಾಮಾನ್ಯವಾಗಿ ಮಾಡುವ ಅಚಾತುರ್ಯ.

ಕಣಕ್ಕೆ ಇಳಿಯಲು ಕರೆ ಬಂದರೆ ಉಗುರು ಕತ್ತರಿಸಿರಬೇಕು, ಉಂಗುರ, ಕಡಗ, ಉಡುದಾರದ ತಾಯಿತ ತೆಗೆದಿರಬೇಕು. ಮೈಗೆ ಎಣ್ಣೆ ಹಚ್ಚಿಕೊಂಡು ಇಳಿಯುವುದು ಎದುರಾಳಿಯ ಹಿಡಿತ ಜಾರಲೆಂದು ಮಾಡುವ ಮೋಸವೆನಿಸುತ್ತದೆ. ಹುಳುಕಡ್ಡಿಯಂಥ ಚರ್ಮರೋಗವಿದ್ದರೆ ತಾನಾಗಿಯೇ ಹೇಳಿ ಹೊರಗುಳಿಯಬೇಕು. ಇದು ಮರ್ಯಾದೆಯ ಮಾತಷ್ಟೇ ಅಲ್ಲ, ಒಂದೇ ಮಣ್ಣಿನಲ್ಲಿ ಹತ್ತಾರು ಮಂದಿ ಹೊರಳಾಡುವ ಸ್ಥಳದ ಆರೋಗ್ಯದ ಮಾತು.

ಇಳಿಯುವಾಗ ಬಗ್ಗಿ ಮಣ್ಣು ಮುಟ್ಟಿ ಹಣೆಗೂ ಎದೆಗೂ ಹಚ್ಚಿಕೊಂಡು, ಎದುರಾಳಿಯ ಕೈಮುಟ್ಟಿ ಸಲಾಮಿ ಮಾಡುವುದುಂಟು. ತೊಡೆ ತಟ್ಟುವುದು ಮಾತ್ರ ಬೇರೆ ಮಾತು. ಪಂದ್ಯದ ಕಣದಲ್ಲಿ ಜನ ಕಾದು ಕೇಳುವ ಆ ಸದ್ದು ಬೇರೆಯವರ ಗರಡಿಯೊಳಗೆ ಸವಾಲಿನ ಸದ್ದಾಗುತ್ತದೆ. ಕನ್ನಡದಲ್ಲಿ ‘ತೊಡೆ ತಟ್ಟು’ ಎಂಬುದಕ್ಕೆ ಪಂಥಕ್ಕೆ ಕರೆ ಎಂಬ ಅರ್ಥವೇ ನೆಲೆಗೊಂಡಿರುವಾಗ ಅತಿಥಿ ಅದನ್ನು ಮರೆಯಬಾರದು.

ಯಾರೊಡನೆ ಹಿಡಿಯಬೇಕು, ಎಷ್ಟು ಹೊತ್ತು ಎಂಬುದು ಆತಿಥೇಯ ಉಸ್ತಾದನ ನಿರ್ಧಾರ. ಅತಿಥಿ ತಾನೇ ಬೆರಳು ತೋರಿಸಿ ಜೋಡಿ ಆರಿಸಿಕೊಳ್ಳುವಂತಿಲ್ಲ. ಅಭ್ಯಾಸದಲ್ಲಿ ತನಗಿಂತ ಕಿರಿಯನು ಸಿಕ್ಕಾಗ ಅವನನ್ನು ಪದೇ ಪದೇ ಚಿತ್ ಮಾಡಿ ಅವನದೇ ಗೆಳೆಯರ ಮುಂದೆ ತಲೆ ತಗ್ಗಿಸುವಂತೆ ಮಾಡುವುದನ್ನು ಗರಡಿ ಮರೆಯುವುದಿಲ್ಲ. ಹಾಗೆಂದು ಸುಮ್ಮನೆ ಬಿದ್ದುಕೊಡುವುದೂ ಅವಮಾನವೇ. ಬಲವನ್ನು ಒಂದಿಷ್ಟು ತಡೆದು ಎದುರಿನವನ ಪಟ್ಟಿಗೆ ಅವಕಾಶ ಕೊಟ್ಟು ಆಡುವುದೇ ಉತ್ತಮ ಅತಿಥಿಯ ಲಕ್ಷಣ, ಮತ್ತು ಇದೇ ಕಲಿಯಲು ಅತ್ಯಂತ ಕಷ್ಟವಾದದ್ದು. ಇನ್ನೊಬ್ಬರ ಶಿಷ್ಯರಿಗೆ ಕೇಳದೆ ಪಾಠ ಹೇಳುವುದು ತಪ್ಪು. ಉಸ್ತಾದನೇ “ನಿಮ್ಮ ಕಡೆಯ ವರಸೆ ಒಂದು ತೋರಿಸಪ್ಪ” ಎಂದರೆ ತೋರಿಸಬಹುದು. ಅಭ್ಯಾಸವನ್ನು ಮೊಬೈಲಿನಲ್ಲಿ ಚಿತ್ರೀಕರಿಸಲು ಸ್ಪಷ್ಟವಾದ ಒಪ್ಪಿಗೆ ಬೇಕು. ಒಂದು ಗರಡಿಯ ತಯಾರಿ ಮರುದಿನವೇ ಎದುರಾಳಿಗಳ ಕೈಗೆ ಸಿಗುವುದು ಯಾರಿಗೂ ಇಷ್ಟವಾಗದು.

ಕಾಣಿಕೆ

ಬರಿಗೈಯಲ್ಲಿ ಹೋಗಬಾರದೆಂಬ ಲೋಕರೂಢಿ ಗರಡಿಗೂ ಅನ್ವಯಿಸುತ್ತದೆ. ಅತ್ಯಂತ ಸರಳವಾದದ್ದು ಫಲತಾಂಬೂಲ: ವೀಳ್ಯದೆಲೆ, ಅಡಿಕೆ, ಬಾಳೆಹಣ್ಣು, ತೆಂಗಿನಕಾಯಿ, ಹೂವು. ಆಂಜನೇಯನಿಗೆಂದು ವೀಳ್ಯದೆಲೆಯ ಹಾರ ಅಥವಾ ಬೆಣ್ಣೆ, ಕಣಕ್ಕೆಂದು ಎಣ್ಣೆ, ಅರಿಶಿನ, ಕರ್ಪೂರ ಒಯ್ಯಬಹುದು. ಪೈಲ್ವಾನರ ಆಹಾರಕ್ಕೆ ಒದಗುವ ಬಾದಾಮಿ, ತುಪ್ಪ, ಹಾಲು ಎಲ್ಲಿಯೂ ಸಲ್ಲುವ ಕಾಣಿಕೆಗಳು. ಹಂಚಿಕೊಳ್ಳಲು ಬರುವ ವಸ್ತು ಒಬ್ಬನಿಗೇ ಸಲ್ಲುವ ವಸ್ತುವಿಗಿಂತ ಮೇಲು. ಹಿರಿಯ ಉಸ್ತಾದನಿಗೆ ಶಾಲು ಹೊದಿಸುವುದು ವಿಶೇಷ ಸಂದರ್ಭಗಳಿಗೆ ಸರಿ, ಮೊದಲ ಭೇಟಿಗೆ ಅತಿಯೆನಿಸೀತು. ಮದ್ಯ, ತಂಬಾಕು, ಮಾಂಸದ ಪದಾರ್ಥಗಳನ್ನು ಆಂಜನೇಯನಿರುವ ಗರಡಿಗೆ ತರಬಾರದು. ಪೈಲ್ವಾನರು ಮಾಂಸಾಹಾರಿಗಳಾಗಿದ್ದರೂ ಈ ನಿಯಮಕ್ಕೆ ಅಡ್ಡಿಯಿಲ್ಲ.

ಹಣದ ವಿಷಯದಲ್ಲಿ ಎಚ್ಚರಿಕೆ ಬೇಕು. ದಕ್ಷಿಣೆಯನ್ನು ವೀಳ್ಯದೆಲೆ ಅಡಿಕೆಯ ಮೇಲಿಟ್ಟು, 11, 51, 101 ಎಂಬಂತೆ ಒಂದು ರೂಪಾಯಿ ಸೇರಿಸಿ, ದೇವರ ಮುಂದಿಡುವುದು ಅಥವಾ ಉಸ್ತಾದನ ಕೈಗೆ ಎರಡೂ ಕೈಗಳಿಂದ ಕೊಡುವುದು ರೂಢಿ. ಅದು ಕಲಿಸಿದ್ದಕ್ಕೆ ಕೂಲಿಯಲ್ಲ. ಮೊತ್ತ ದೊಡ್ಡದಾದಷ್ಟೂ ಕೂಲಿಯಂತೆಯೋ, ಋಣದಂತೆಯೋ ಕಾಣತೊಡಗುತ್ತದೆ, ಸ್ವೀಕರಿಸುವವನಿಗೆ ಮುಜುಗರವಾಗುತ್ತದೆ. ಗರಡಿಯ ದುರಸ್ತಿಗೆ ನೆರವಾಗಬೇಕೆನಿಸಿದರೆ ಅದನ್ನು ಬೇರೆ ದಿನ, ಬೇರೆ ಮಾತಾಗಿ, ಗರಡಿಯ ಸಮಿತಿಯ ಮೂಲಕ ಮಾಡುವುದು ಚೆನ್ನು.

ಪಂದ್ಯದ ಕಣದಲ್ಲಿ ಅಭಿಮಾನಿಗಳು ಗೆದ್ದ ಪೈಲ್ವಾನನಿಗೆ ಎಲ್ಲರೆದುರು ಇನಾಮು ಕೊಡುತ್ತಾರೆ. ಬೆಳ್ಳಿಯ ಗದೆ, ಕಡಗ, ಪೇಟಗಳ ಸನ್ಮಾನವೂ ಬಹಿರಂಗವೇ. ಅದೇ ಉತ್ಸಾಹದಲ್ಲಿ ಭೇಟಿಗೆ ಬಂದವರು ಗರಡಿಯೊಳಗಿನ ಹುಡುಗನೊಬ್ಬನ ಕೈಗೆ ಹಣ ತುರುಕಿದರೆ ಅದು ಅವನನ್ನು ತಮ್ಮ ಕಡೆಗೆ ಎಳೆಯುವ ಪ್ರಯತ್ನವೆಂದು ತಿಳಿಯಲು ಅವಕಾಶವಿದೆ. ಮೆಚ್ಚಿಕೆಯನ್ನು ಉಸ್ತಾದನಿಗೆ ಹೇಳಿದರೆ ಅದು ಹುಡುಗನಿಗೆ ತಲುಪುತ್ತದೆ.

ಜಪಾನಿನ ಕೆಂಡೊ ಶಾಲೆಗಳಲ್ಲಿ

ಬಿದಿರಿನ ಕತ್ತಿ ಮತ್ತು ರಕ್ಷಾಕವಚ ಧರಿಸಿ ಆಡುವ ಕೆಂಡೊ ಕಲೆಯ ಅಭ್ಯಾಸಸ್ಥಳಕ್ಕೆ ದೋಜೊ ಎಂದು ಹೆಸರು. ತನ್ನದಲ್ಲದ ದೋಜೊಗೆ ಹೋಗಿ ಅಭ್ಯಾಸ ಮಾಡುವುದನ್ನು ‘ದೆಗೈಕೊ’ ಎನ್ನುತ್ತಾರೆ. ಅಲ್ಲಿಯೂ ಸವಾಲಿನ ನೆನಪು ಹಳೆಯದು. ಬೇರೆ ಶಾಲೆಗೆ ನುಗ್ಗಿ ಅಲ್ಲಿನವರನ್ನೆಲ್ಲ ಸೋಲಿಸಿ ಶಾಲೆಯ ಹೆಸರು ಕೆಡಿಸುವುದಕ್ಕೆ ‘ದೋಜೊ ಯಾಬುರಿ’, ಅಂದರೆ ದೋಜೊ ಮುರಿಯುವುದು, ಎಂಬ ಮಾತೇ ಇದೆ. ಕಥೆ, ಚಲನಚಿತ್ರಗಳಲ್ಲಿ ಇದು ಜನಪ್ರಿಯ. ವಾಸ್ತವದಲ್ಲಿ ಎದೊ ಕಾಲದ ಕೊನೆಯ ದಶಕಗಳಲ್ಲಿ ಕತ್ತಿವರಸೆಗಾರರ ಸಂಚಾರ ಹೆಚ್ಚು ಶಾಂತವಾಗಿತ್ತು. ಸಾಗಾ ಸಂಸ್ಥಾನದ ಮುತಾ ಬುನ್ನೊಸುಕೆ ಎಂಬ ಸಮುರಾಯ್ 1853ರಿಂದ 1855ರವರೆಗೆ ದೇಶ ಸುತ್ತಿ ಬರೆದಿಟ್ಟ ದಿನಚರಿಯಲ್ಲಿ ಹಲವು ಸಂಸ್ಥಾನಗಳ ದೋಜೊಗಳಲ್ಲಿ ಸ್ನೇಹದ ಅಭ್ಯಾಸ ಮತ್ತು ಆ ಬಳಿಕದ ಕೂಟಗಳ ವಿವರವಿದೆ. ಇಂಥ ಸಂಚಾರಿಗಳು ‘ಎಯ್ಮೆಯ್‌ರೊಕು’ ಎಂಬ ಪುಸ್ತಕವೊಂದನ್ನು ಒಯ್ಯುತ್ತಿದ್ದರು. ತಾವು ಅಭ್ಯಾಸ ಮಾಡಿದವರ ಹೆಸರು, ಶಾಲೆಗಳನ್ನು ಅದರಲ್ಲಿ ಬರೆಸಿಕೊಳ್ಳುತ್ತಿದ್ದರು. ಗೆಲುವು ಸೋಲಿನ ಪಟ್ಟಿಗಿಂತ ಪರಿಚಯದ ಪಟ್ಟಿಯಾಗಿ ಅದು ಮುಂದಿನ ಊರಿನ ಬಾಗಿಲು ತೆರೆಯಲು ನೆರವಾಗುತ್ತಿತ್ತು.

ಅಖಿಲ ಜಪಾನ್ ಕೆಂಡೊ ಒಕ್ಕೂಟ 1952ರಲ್ಲಿ, ಅಂತರರಾಷ್ಟ್ರೀಯ ಒಕ್ಕೂಟ 1970ರಲ್ಲಿ ಸ್ಥಾಪನೆಯಾದುವು. ಇಂದು ಅಭ್ಯಾಸಿಯ ಸೊಂಟದ ಮುಂಭಾಗದ ಕವಚಕ್ಕೆ ತೊಡಿಸುವ ಹೆಸರುಪಟ್ಟಿಯ ಮೇಲೆ ಅವನ ಹೆಸರೂ ಶಾಲೆ ಅಥವಾ ಊರಿನ ಹೆಸರೂ ಇರುತ್ತವೆ. ಇದು ಕುಸ್ತಿಯ ಕರಪತ್ರವನ್ನು ನೆನಪಿಗೆ ತರುತ್ತದೆ. ಅತಿಥಿ ತನ್ನ ಗುರುವಿಗೆ ತಿಳಿಸಿ, ಆತಿಥೇಯರಿಗೆ ಮುಂಚಿತವಾಗಿ ಬರೆದು ಒಪ್ಪಿಗೆ ಪಡೆದು, ಸ್ವಲ್ಪ ಮೊದಲೇ ತಲುಪಬೇಕು. ಒಳಗೆ ಬರುವಾಗ, ಹೊರಡುವಾಗ ಬಾಗಿ ವಂದನೆ. ದೋಜೊದಲ್ಲಿ ‘ಕಾಮಿಜಾ’ ಎಂಬ ಮೇಲಿನ ಬದಿಯೂ ‘ಶಿಮೊಜಾ’ ಎಂಬ ಕೆಳಗಿನ ಬದಿಯೂ ಇದ್ದು, ದರ್ಜೆಯ ಕ್ರಮದಲ್ಲಿ ಸಾಲು ಕೂರುತ್ತದೆ. ಅತಿಥಿ ಕೆಳಗಿನ ಬದಿಯಲ್ಲಿ ನಿಂತಿದ್ದು, ಮೇಲೆ ಬರಲು ಹೇಳಿದರೆ ಮಾತ್ರ ಸರಿಯಬೇಕು. ಯಾರದೇ ಬಿದಿರುಕತ್ತಿಯನ್ನು ದಾಟಬಾರದು. ಇದು ಗರಡಿಯ ಗದೆಯ ನಿಯಮವೇ. ಅಭ್ಯಾಸ ಮುಗಿದ ಮೇಲೆ ತನ್ನೊಡನೆ ಆಡಿದ ಹಿರಿಯರ ಬಳಿಗೆ ಒಬ್ಬೊಬ್ಬರಾಗಿ ಹೋಗಿ ಕುಳಿತು ವಂದಿಸಿ ಕೃತಜ್ಞತೆ ಹೇಳುವುದು ಮುಖ್ಯ. ಗುರು ತಿದ್ದುಪಡಿ ಹೇಳುವುದು ಹೆಚ್ಚಾಗಿ ಆಗಲೇ.

ಕಾಣಿಕೆಯಾಗಿ ‘ಓಮಿಯಾಗೆ’, ಅಂದರೆ ತನ್ನ ಊರಿನ ವಿಶೇಷ ತಿನಿಸು, ವಾಡಿಕೆಯದು. ಒಂದೊಂದೇ ಪೊಟ್ಟಣ ಕಟ್ಟಿದ ಸಿಹಿಯಾದರೆ ಎಲ್ಲರಿಗೂ ಹಂಚಲು ಅನುಕೂಲ. ನಾಲ್ಕು ಮತ್ತು ಒಂಬತ್ತರ ಉಚ್ಚಾರ ಸಾವು, ಸಂಕಟಗಳನ್ನು ನೆನಪಿಸುವುದರಿಂದ ಆ ಸಂಖ್ಯೆಗಳನ್ನು ಬಿಡುತ್ತಾರೆ. ಚೀಲದಿಂದ ಹೊರತೆಗೆದು ಎರಡೂ ಕೈಗಳಿಂದ ಗುರುವಿಗೆ ಕೊಡಬೇಕು. ಕೊಟ್ಟವರ ಎದುರಿಗೇ ಬಿಚ್ಚಿ ನೋಡದಿರುವುದು ಹಳೆಯ ರೀತಿ. ಶಿರಸ್ತ್ರಾಣದ ಒಳಗೆ ತಲೆಗೆ ಸುತ್ತುವ ‘ತೆನುಗುಯಿ’ ಎಂಬ ಹತ್ತಿಯ ವಸ್ತ್ರವನ್ನು ತಮ್ಮ ಶಾಲೆಯ ಅಕ್ಷರ ಅಚ್ಚುಹಾಕಿಸಿ ವಿನಿಮಯ ಮಾಡಿಕೊಳ್ಳುವುದು ಕೆಂಡೊ ಲೋಕದ ಸುಂದರವಾದ ರೂಢಿ. ಭೇಟಿಗಾರರಿಗೆ ಶುಲ್ಕ ಗೊತ್ತುಮಾಡಿದ್ದರೆ ಅದನ್ನು ಶುಲ್ಕವಾಗಿಯೇ ಕೊಡಬೇಕು, ಕಾಣಿಕೆಯೊಡನೆ ಬೆರೆಸಬಾರದು. ಹಣವನ್ನು ಬಿಡಿಯಾಗಿ ಕೊಡದೆ ಲಕೋಟೆಯಲ್ಲಿಡುತ್ತಾರೆ. ಊರಿಗೆ ಮರಳಿದ ಮೇಲೆ ಕೃತಜ್ಞತೆಯ ಪತ್ರ ಬರೆದಾಗಲೇ ಭೇಟಿ ಪೂರ್ಣವಾಗುತ್ತದೆ.

ಕರ್ನಾಟಕದಿಂದ ಹೋಗುವ ಅಭ್ಯಾಸಿಗೆ ಇಲ್ಲಿ ಅನುಕೂಲವೊಂದಿದೆ. ಮೈಸೂರಿನ ಗಂಧದ ಸಾಬೂನು, ಚನ್ನಪಟ್ಟಣದ ಮರದ ಗೊಂಬೆ, ಕೊಡಗಿನ ಅಥವಾ ಚಿಕ್ಕಮಗಳೂರಿನ ಕಾಫಿಪುಡಿ ಇವೆಲ್ಲ ಓಮಿಯಾಗೆಯ ಅರ್ಥಕ್ಕೆ ಹೇಳಿ ಮಾಡಿಸಿದಂತಿವೆ. ಬೆಲೆಬಾಳುವ ವಸ್ತುವಿಗೆ ಪ್ರತಿಯಾಗಿ ಏನಾದರೂ ಕೊಡಲೇಬೇಕೆಂಬ ಕಟ್ಟುಪಾಡು ಅಲ್ಲಿ ಬಲವಾಗಿರುವುದರಿಂದ ಸಾಧಾರಣ ಬೆಲೆಯದನ್ನೇ ಆರಿಸಿಕೊಳ್ಳುವುದು ಆತಿಥೇಯರ ಮೇಲಿನ ದಯೆ.

ಇಂದಿನ ಸ್ಥಿತಿ

ಬೆಂಗಳೂರಿನ ಕಬ್ಬನ್‌ಪೇಟೆ, ನಗರ್ತಪೇಟೆ, ತಿಗಳರಪೇಟೆ ಮೊದಲಾದ ಹಳೆಯ ಭಾಗಗಳು ಗರಡಿಗಳಿಗೆ ಹೆಸರಾಗಿದ್ದುವು. ಅನಂತರ ಬೆಳೆದ ಬೊಮ್ಮನಹಳ್ಳಿ, ಬಿ.ಟಿ.ಎಂ. ಬಡಾವಣೆ, ಜೆ.ಪಿ. ನಗರದಂಥ ಪ್ರದೇಶಗಳಲ್ಲಿ ಕರಾಟೆ ಮೊದಲಾದ ಸಮರಕಲೆಗಳ ತರಗತಿಗಳು ಹೆಚ್ಚಾಗಿ ಬಾಡಿಗೆಯ ಸಭಾಂಗಣ, ಶಾಲೆಯ ಆವರಣ, ಕಟ್ಟಡದ ಮಹಡಿಗಳಲ್ಲಿ ನಡೆಯುತ್ತವೆ. ಸಂಜೆ ಹಾಸಿದ ಚಾಪೆಯನ್ನು ರಾತ್ರಿ ಸುತ್ತಿಡುವ ಇಂಥ ಸ್ಥಳಗಳಲ್ಲಿ ತಗ್ಗಾದ ಬಾಗಿಲೂ ಇಲ್ಲ, ಮಣ್ಣೂ ಇಲ್ಲ. ಚಾಪೆಯ ಅಂಚೇ ಹೊಸ್ತಿಲಾಗುತ್ತದೆ. ಪಾದರಕ್ಷೆಯನ್ನು ಅದರ ಹೊರಗೆ ಬಿಡುವುದು, ಅಂಚಿನಲ್ಲಿ ನಿಂತು ವಂದಿಸುವುದು, ಶಿಕ್ಷಕರು ಕರೆಯುವವರೆಗೆ ಕಾಯುವುದು ಅಲ್ಲಿಯೂ ನಡೆಯುತ್ತದೆ. ಮುಗಿದ ಮೇಲೆ ಚಾಪೆ ಸುತ್ತಲು ಕೈಜೋಡಿಸುವ ಅತಿಥಿಗೆ ಬೇರೆ ಪರಿಚಯ ಬೇಕಾಗುವುದಿಲ್ಲ.

ಸ್ಪರ್ಧಾತ್ಮಕ ಕುಸ್ತಿ ಮಣ್ಣಿನಿಂದ ಮ್ಯಾಟಿಗೆ ಸರಿದಿರುವುದರಿಂದ ಕ್ರೀಡಾಶಾಲೆಗಳ ನಡುವಿನ ಭೇಟಿಗಳು ತರಬೇತುದಾರರ ಪತ್ರವ್ಯವಹಾರದಿಂದ ಏರ್ಪಡುತ್ತವೆ. ಸಾಂಪ್ರದಾಯಿಕ ಗರಡಿಗಳು ಹೆಂಗಸರಿಗೆ ಕಣ ಪ್ರವೇಶವನ್ನು ಕೊಡುತ್ತಿರಲಿಲ್ಲ. ಮೈಸೂರು ದಸರಾ ಕುಸ್ತಿಯಲ್ಲಿ ಈಗ ಮಹಿಳೆಯರ ಸ್ಪರ್ಧೆಗಳೂ ನಡೆಯುತ್ತವೆ. ಆದರೂ ಹಳೆಯ ಗರಡಿಗೆ ಭೇಟಿ ಕೊಡಬಯಸುವ ಮಹಿಳೆಯರು, ಅವರು ಕುಸ್ತಿಪಟುಗಳಾಗಿರಲಿ ವಿದ್ಯಾರ್ಥಿ ಸಂಶೋಧಕರಾಗಿರಲಿ, ಆ ಗರಡಿಯ ರೂಢಿ ಏನೆಂದು ಮುಂಚಿತವಾಗಿ ವಿಚಾರಿಸಬೇಕಾಗುತ್ತದೆ. ಕೆಲವು ಕಡೆ ಕಣದ ಹೊರಗೆ ಕುಳಿತು ನೋಡಲು ಅಡ್ಡಿಯಿಲ್ಲ, ಕೆಲವು ಕಡೆ ಅದಕ್ಕೂ ಒಪ್ಪುವುದಿಲ್ಲ. ಬಾಗಿಲಿಗೆ ಬಂದ ಮೇಲೆ ಇಲ್ಲವೆನಿಸಿಕೊಳ್ಳುವುದು ಎರಡೂ ಕಡೆಗೆ ನೋವು ತರುವ ಸಂಗತಿ.